ತಾಟಿನ ಕಾರ್ಡು ಒಲ್ಲೆಂದ ಆಪಾ

ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಸುಳ್ಳು ಹೇಳಿದರು. "ಆಪಾ ಬಹಳ ಶಾಂತ ಸ್ವಭಾವದವರು" ಎಂದರು ಒಬ್ಬರು. "ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು ಇನ್ನೊಬ್ಬರು. ಮೂರನೆಯವರು ಎದ್ದು "ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಗುಣ" ಎಂದಾಗ ನಾನು ಕೆಮ್ಮಿದೆ. ಕೆಮ್ಮುವುದಕ್ಕಿಂತ ದೊಡ್ಡ ಪ್ರತಿಭಟನೆ ಮಾಡಿ ನನಗೆ ರೂಢಿಯಿಲ್ಲ. ಪಕ್ಕದಲ್ಲಿ ಕೂತಿದ್ದವರು ಪಾಪ, ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು.

ಸತ್ತವರನ್ನು ಹೊಗಳುವ ಭರದಲ್ಲಿ ಅವರು ಇದ್ದದ್ದನ್ನೇ ಅಳಿಸಿ ಹಾಕುತ್ತೇವೆ. ಆಪಾ ಶಾಂತ ಇರಲಿಲ್ಲ. ಹೊಂದಿಕೊಂಡು ಹೋಗುತ್ತಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನಲ್ಲಿ ಅವರ ಬಾಯಿಂದ ಬೈಸಿಕೊಳ್ಳದ ಕ್ಯಾಮೆರಾದವನು ಇಲ್ಲ. ಇದ್ದರೆ ಅವನಿನ್ನೂ ಕೆಲಸ ಶುರು ಮಾಡಿಲ್ಲ ಎಂದು ಅರ್ಥ. ಸಭೆಯಲ್ಲಿ ಕೂತವರೆಲ್ಲ ಬೈಸಿಕೊಂಡವರೇ. ಬೈಸಿಕೊಂಡವರೇ ಎದ್ದು ನಿಂತು "ಶಾಂತ" ಅನ್ನುತ್ತಿದ್ದರು. ಇದಕ್ಕೆ ನಾನು ಒಪ್ಪುವುದಿಲ್ಲ. ಸಭೆಯಲ್ಲಿ ಎದ್ದು ಹೇಳುವ ಧೈರ್ಯ ಆಗಲಿಲ್ಲ, ಇಲ್ಲಿ ಹೇಳುತ್ತೇನೆ.

ನಾನು ಅಫಜಲಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಲಗ್ನ, ಕುಬಸ, ತೊಟ್ಟಿಲು, ಪಾಸ್‌ಪೋರ್ಟ್ ಸೈಜ್. ಶಟರ್‌ಗೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ, ಬೀಗ ಬಿದ್ದಿದೆಯೋ ಇಲ್ಲವೋ ಅಂತ ವಾಪಸ್ ಬಂದು ಜಗ್ಗಿ ನೋಡುವ ಜಾತಿಯ ಮನುಷ್ಯ. ಆಪಾ ಅಂದರೆ ಅಕ್ಕ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಆಳಂದದವರು. ಮೊದಲು ಮದುಮಕ್ಕಳಿಗೆ ಮೆಹಂದಿ ಹಚ್ಚುತ್ತಿದ್ದರಂತೆ. ಪರದೆ ಇರುವ ಮನೆಗಳಲ್ಲಿ ಹೆಣ್ಣುಮಕ್ಕಳ ಕಡೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲ. ಯಾರೋ ಒಮ್ಮೆ ಕ್ಯಾಮೆರಾವನ್ನು ಮೆಹಂದಿ ಹಚ್ಚಲು ಬಂದ ಇವರ ಕೈಗೇ ಕೊಟ್ಟರು. ಕೊಟ್ಟವರು ಆಮೇಲೆ ಅದನ್ನು ವಾಪಸ್ ಪಡೆಯಲು ಬಹಳ ಕಷ್ಟಪಟ್ಟರು ಎಂದು ಆಪಾ ತಾವೇ ನಗುತ್ತ ಹೇಳುತ್ತಿದ್ದರು. ಬರಬರುತ್ತ ಹಿಂದೂ ಮನೆಗಳವರೂ ಕರೆಯತೊಡಗಿದರು. ಅಡಿಗೆ ಮನೆಯಲ್ಲಿ, ಅರಿಷಿಣದ ಹೊತ್ತಿನಲ್ಲಿ, ಆಪಾ ಇದ್ದರೆ ಹೆಂಗಸರು ಮನಬಿಚ್ಚಿ ನಗುತ್ತಿದ್ದರು. ಹೀಗೆ ನಾವಿಬ್ಬರೂ ಜೋಡಿಯಾದೆವು: ಸ್ಟೇಜು ನನ್ನದು, ಒಳಮನೆ ಅವರದು.

ನೋಡಲು ಹೇಗಿದ್ದರು ಅಂದರೆ, ಕರಿ ಬುರ್ಖಾದ ತೋಳು ಮೊಣಕೈ ತನಕ ಮಡಚಿ ಪಿನ್ನು ಹಾಕಿರುತ್ತಿದ್ದರು. ಕಾಲಲ್ಲಿ ಓಟದವರು ಹಾಕುವ ಬೂಟು. ಕನ್ನಡಕ ಹಣೆಯ ಮೇಲೆ. ಕ್ಯಾಮೆರಾಕ್ಕೆ ಅದು ಬೇಡ, ಮನುಷ್ಯರನ್ನು ನೋಡಲು ಮಾತ್ರ ಕೆಳಗಿಳಿಸುತ್ತಿದ್ದರು. ಸೊಂಟದಲ್ಲಿ ಒಂದು ಎಲೆ-ಅಡಿಕೆ ಸಂಚಿ. ಎಲೆ ಹಾಕುವವರಲ್ಲ. ಸಂಚಿಯ ಒಂದೊಂದು ಗೂಡಿನಲ್ಲಿ ಒಂದೊಂದು ಮೆಮೊರಿ ಕಾರ್ಡು, ಎಡಕ್ಕೆ ಖಾಲಿ, ಬಲಕ್ಕೆ ತುಂಬಿದವು. ಮಾದನಹಿಪ್ಪರಗಾದ ಒಂದು ಲಗ್ನದಲ್ಲಿ ಮುದುಕರೊಬ್ಬರು ಸಂಚಿ ನೋಡಿ ಆಸೆಯಿಂದ ಕೈ ಹಾಕಿದರು.

"ಅಜ್ಜಾ, ಬ್ಯಾಡ," ಅಂದರು ಆಪಾ. "ಒಂದು ಜಗದಿ ಅಂದ್ರ ಹೋದ ವಾರದ ಲಗ್ನ ಪೂರಾ ನುಂಗಿದಂಗ."

ಆ ಅಜ್ಜ ಕೈ ತೆಗೆದು "ಊಟ ಹೆಂಗಿತ್ತವ್ವಾ ಆ ಲಗ್ನದಾಗ?" ಅಂತ ಕೇಳಿದ್ದರು. ಆಪಾಗೆ ಅಂಥ ಉತ್ತರ ಕೊಡುವವರು ಸಿಕ್ಕರೆ ಪರಮ ಸಂತೋಷ. ಅವತ್ತು ಅಜ್ಜನ ಬೋಳು ಬಾಯಿಯ ನಗೆಯನ್ನು ಎಷ್ಟು ಹತ್ತಿರದಿಂದ ಹಿಡಿದಿದ್ದರೆಂದರೆ, ಆ ಮನೆಯವರು ಇಡೀ ಆಲ್ಬಮ್ಮಿನಲ್ಲಿ ಮದುಮಗನಿಗಿಂತ ಅದನ್ನೇ ದೊಡ್ಡದು ಮಾಡಿಸಿಕೊಂಡರು.

ಬಸ್ಸಿನಲ್ಲಿ ಟ್ರೈಪಾಡನ್ನು ಪಕ್ಕದ ಸೀಟಿಗೆ ಒರಗಿಸುತ್ತಿದ್ದರು. ಕಂಡಕ್ಟರ್ "ಅದಕ್ಕೂ ಟಿಕೆಟ್ ತಗೋಬೇಕಾಗ್ತದ್ರಿ" ಅಂದರೆ, "ಅದಕ್ಕ ಮೂರು ಕಾಲದಾವು, ನಿಂತೇ ಬರ್ತದ. ನಿನ್ನ ಸೀಟ್ ಯಾರಿಗೆ ಬೇಕು?" ಎನ್ನುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತು, ಇವರ ಜೊತೆ ನಾನು ಇಲ್ಲ ಅನ್ನುವಂತೆ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದೆ.

ಅವರ ಭಾಷೆಯಲ್ಲಿ ಒಂದು ವಿಚಿತ್ರ ಇತ್ತು. ವ್ಯವಹಾರ, ಬೈಗಳು, ನಗೆಚಾಟಿಕೆ ಎಲ್ಲ ನಮ್ಮ ಕನ್ನಡದಲ್ಲೇ. ಒಲ್ಲೆ ಅನ್ನುವುದು ಮಾತ್ರ ದಖನಿಯಲ್ಲಿ. "ನಕ್ಕೋ." ಆ ಮಾತು ಬಿತ್ತೆಂದರೆ ಮುಗಿಯಿತು. ಕನ್ನಡದಲ್ಲಿ "ಬ್ಯಾಡ" ಅಂದಿದ್ದರೆ ಇನ್ನೂ ಸ್ವಲ್ಪ ಜಾಗ ಇದೆ ಅಂತ, ಮತ್ತೊಮ್ಮೆ ಕೇಳಿ ನೋಡಬಹುದು.

ಕಾರ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆಪಾ ಜಗಳ ಮಾಡಿದ್ದೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನನ್ನಂಥವರೆಲ್ಲ ಕಾರ್ಡ್ ಕೊಳ್ಳುವಾಗ ಕೇಳುವುದು ಒಂದೇ: ಎಷ್ಟು ಜಿಬಿ? ಜಾಗ ಸಾಲದಿದ್ದರೆ ಎಂಬ ಹೆದರಿಕೆ. ನನಗಂತೂ ಕನಸಿನಲ್ಲೂ ಕಾರ್ಡ್ ತುಂಬಿ ಬಿಡುತ್ತದೆ. ಹಾಗಾಗಿ ಒಮ್ಮೆ ಕಲಬುರಗಿಯ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಬರೆದಿದ್ದ ಕಾರ್ಡ್ ಎತ್ತಿಕೊಂಡೆ. ಆಪಾ ಕನ್ನಡಕ ಇಳಿಸಿದರು. ನನ್ನನ್ನು ನೋಡುವುದಕ್ಕೆ.

"ತಮ್ಮಾ, ನಿಮ್ಮ ಮನ್ಯಾಗ ಹಗೇವು ಇತ್ತೇನು?"

"ಇತ್ತ್ರಿ, ನಮ್ಮ ಮುತ್ಯಾನ ಕಾಲಕ್ಕ." ಹಗೇವು ಅಂದರೆ ಜೋಳ ತುಂಬಿಡುವ ನೆಲದ ಗುಂಡಿ.

"ಅದರ ಹೊಟ್ಟಿ ಎಷ್ಟ ದೊಡ್ಡದಿದ್ರೂ ಬಾಯಿ ಎಷ್ಟಿತ್ತು? ಒಬ್ಬ ಮನಷ್ಯಾ ಇಳಿಯೋ ಅಷ್ಟ. ಚೀಲ ಚೀಲ ಒಮ್ಮೆ ಸುರುವಿದ್ರ ಏನಾಗ್ತಿತ್ತು?"

"ಹೊರಗ ಬೀಳ್ತಿತ್ತು."

"ಹಂಗ. ನೀ ಹೊಟ್ಟಿ ನೋಡಿ ತಗೋಳಾಕತ್ತೀ. ನಾ ಬಾಯಿ ನೋಡ್ತೇನಿ."

ಆಮೇಲೆ ಪೊಟ್ಟಣವನ್ನು ಕೈ ಚಾಚಿ ದೂರ ಹಿಡಿದು ಓದಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ಬರೆದ ವೇಗ ಇದೆಯಲ್ಲ, ಅದು ಕಾರ್ಡು ಒಳಗಿದ್ದುದನ್ನು ವಾಪಸ್ ಕೊಡುವ ವೇಗ. ನಮಗೆ ಲಗ್ನದಲ್ಲಿ ಬೇಕಾದದ್ದು ಅದಲ್ಲ. ಒಳಗೆ ತುಂಬಿಕೊಳ್ಳುವ ವೇಗ. ಅದನ್ನು ಯಾರೂ ದಪ್ಪಗೆ ಬರೆಯುವುದಿಲ್ಲ. ಮೂಲೆಯಲ್ಲಿ ಇಂಗ್ಲಿಷಿನ ವಿ ಅಕ್ಷರ, ಅದರ ಪಕ್ಕ ಸಣ್ಣದೊಂದು ಅಂಕಿ. ಎಂಥ ಹೊತ್ತಿನಲ್ಲೂ ಇದಕ್ಕಿಂತ ಕಡಿಮೆಯಾಗಿ ನುಂಗುವುದಿಲ್ಲ ಎಂದು ಕಾರ್ಡು ಕೊಟ್ಟ ಮಾತು ಅದು. ಸಾದಾ ವಿಡಿಯೋಕ್ಕೆ ಮೂವತ್ತು ಸಾಕು. ನಿಧಾನಗತಿಯಲ್ಲಿ, ಅಕ್ಷತೆಯ ಕಾಳು ಕಾಳೂ ಬೇರೆ ಕಾಣುವಂತೆ ಹಿಡಿಯಬೇಕೆಂದರೆ ಅರವತ್ತೋ ತೊಂಬತ್ತೋ ಬೇಕು. "ಈ ಸಣ್ಣ ಅಂಕಿ ಇಲ್ಲದ ಕಾರ್ಡ್ ಎಷ್ಟ ದೊಡ್ಡದಿದ್ರೂ ಅದು ಗೋಡೌನ್," ಅಂದರು.

ಇಷ್ಟಕ್ಕೇ ಕೊಳ್ಳುತ್ತಿರಲಿಲ್ಲ. ಅಂಗಡಿಯವನ ಕಂಪ್ಯೂಟರಿಗೆ ಕಾರ್ಡ್ ಹಾಕಿಸಿ, ತಮ್ಮ ಹತ್ತಿರದ ಒಂದು ಉದ್ದ ವಿಡಿಯೋ ತುಂಬಿಸಿ, ಹಸಿರು ಪಟ್ಟಿ ಎಲ್ಲೂ ತಡವರಿಸದೆ ಕೊನೆ ಮುಟ್ಟುವ ತನಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ನಕಲಿ ಕಾರ್ಡುಗಳ ಹಾವಳಿ ಅಷ್ಟಿತ್ತು. ಮೇಲೆ ಬರೆದದ್ದು ಒಂದು, ಒಳಗಿನ ಜಾಗ ಒಂದು. ಅಂಗಡಿಯವನಿಗೆ ಬೇಸರ.

"ಆಪಾ, ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ?"

"ನಿನ್ನ ಮ್ಯಾಲ ಅದ. ಕಾರ್ಡಿನ ಮ್ಯಾಲ ಇಲ್ಲ. ಅದೇನು ನಿನ್ನ ಮಗನಾ?"

ಟ್ಯಾಬ್ಲೆಟ್ಟಿನದು ಇನ್ನೊಂದು ಕಥೆ. ಹಿಡಿದ ವಿಡಿಯೋವನ್ನು ಅದೇ ದಿನ, ಅಡಿಗೆ ಮನೆಯ ಹೆಂಗಸರಿಗೆ ಮೊದಲು ತೋರಿಸಬೇಕು ಎಂಬುದು ಆಪಾ ತಾವೇ ಮಾಡಿಕೊಂಡ ನಿಯಮ. "ಆಲ್ಬಮ್ ಬರೋ ಹೊತ್ತಿಗೆ ಗಂಡಸರು ನೋಡಿ, ಬೀಗರು ನೋಡಿ, ಇವರ ಕೈಗೆ ಬರೋದ್ರಾಗ ಹರದಿರ್ತದ" ಎನ್ನುವುದು ಅವರ ವಾದ. ಅದಕ್ಕೆಂದೇ ಒಂದು ದೊಡ್ಡ ಟ್ಯಾಬ್ ಕೊಂಡರು. ಅದಕ್ಕೆ ಮೊದಲು ಮನೆಯಲ್ಲಿ ಬಿದ್ದಿದ್ದ ಒಂದು ಹಳೆಯ ಚಿಕ್ಕ ಕಾರ್ಡ್ ಹಾಕಿದ್ದರು. ಹೆಂಗಸರೆಲ್ಲ ಸುತ್ತ ಕೂತು ನೋಡುವಾಗ ವಿಡಿಯೋ ಹೆಜ್ಜೆ ಹೆಜ್ಜೆಗೂ ನಿಂತಿತು. ಮದುಮಗಳು ರೆಪ್ಪೆ ಮುಚ್ಚಿದವಳು ತೆರೆಯಲೇ ಇಲ್ಲ. ಒಬ್ಬಾಕೆ ಗಾಬರಿಯಾಗಿ "ಅಯ್ಯ, ಹುಡುಗಿಗೆ ಏನಾತು?" ಎಂದು ಎದ್ದೇ ನಿಂತಳು. ಅವತ್ತು ಆಪಾ ತಮ್ಮನ್ನು ತಾವೇ ಬೈದುಕೊಂಡರು. ಕ್ಯಾಮೆರಾದ ಕಾರ್ಡಿಗೆ ತುಂಬಿಕೊಳ್ಳುವ ವೇಗ ನೋಡಬೇಕು, ಟ್ಯಾಬಿನ ಕಾರ್ಡು ಜಲ್ದಿ ತುಂಬಿಕೊಂಡು ಜಲ್ದಿ ಬಿಟ್ಟುಕೊಡಲೂ ಬೇಕು ಎಂದು ಮರುದಿನವೇ ಹೋಗಿ ಬೇರೆ ತಂದರು. ತಪ್ಪು ಮಾಡಿದರೆ ಅದನ್ನೂ ಜಗಳ ಮಾಡುತ್ತಲೇ ತಿದ್ದಿಕೊಳ್ಳುವವರು.

ಈಗ ತಾಟಿನ ವಿಚಾರ. ನಮ್ಮ ಕಡೆ ಈಚೆಗೊಂದು ರೂಢಿ ಬಿದ್ದಿದೆ. ಲಗ್ನದ ಬೆಳಿಗ್ಗೆ ಬಾಜಾದವರಿಗೆ, ಅಡಿಗೆಯವರಿಗೆ ತಾಟಿನಲ್ಲಿ ಎಲೆ-ಅಡಿಕೆ ಇಟ್ಟು ಕೊಡುವ ಹಾಗೆ ಕ್ಯಾಮೆರಾದವರಿಗೂ ಕೊಡುತ್ತಾರೆ. ಆ ಎಲೆಯ ಮೇಲೆ ಒಂದು ಮೆಮೊರಿ ಕಾರ್ಡು. ಯಾವುದೋ ಊರಲ್ಲಿ ಯಾವನೋ ಒಬ್ಬ ಒಂದು ಲಗ್ನವನ್ನೇ ಕಳೆದುಬಿಟ್ಟನಂತೆ. ಅಲ್ಲಿಂದ ಮನೆಯವರೇ ಕಾರ್ಡ್ ತಂದು ಕೊಡುವುದು, ಕೆಲಸ ಮುಗಿದ ಮೇಲೆ ಹಂದರದಲ್ಲೇ ವಾಪಸ್ ಇಸಿದುಕೊಳ್ಳುವುದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಾಟಿನಲ್ಲಿ ಇಟ್ಟ ಮೇಲೆ ಅರಿಷಿಣ-ಕುಂಕುಮ ಹಚ್ಚಬೇಕಲ್ಲ, ಕಾರ್ಡಿಗೂ ಹಚ್ಚುತ್ತಾರೆ. ಭಕ್ತಿ ಜಾಸ್ತಿ ಇದ್ದವರು ಎರಡೂ ಬದಿ ಹಚ್ಚುತ್ತಾರೆ. ಕಾರ್ಡಿನ ಬೆನ್ನಿನ ಮೇಲಿನ ಬಂಗಾರದ ಬಣ್ಣದ ಹಲ್ಲುಗಳ ಸಂದಿಯಲ್ಲಿ ಕುಂಕುಮ ಹೊಕ್ಕರೆ ಕ್ಯಾಮೆರಾ ಅದನ್ನು ಗುರುತೇ ಹಿಡಿಯುವುದಿಲ್ಲ. ನಾನು ಕಿಸೆಯಲ್ಲಿ ಹಲ್ಲುಜ್ಜುವ ಬ್ರಶ್ ಇಟ್ಟುಕೊಂಡೇ ಲಗ್ನಗಳಿಗೆ ಹೋಗುತ್ತೇನೆ. ಬಹಳ ಸ್ವಚ್ಛ ಮನುಷ್ಯ ಎಂದು ಹೆಸರಾಗಿದೆ.

ತಾಟಿನ ಕಾರ್ಡ್ ಒಲ್ಲೆ ಅನ್ನುವುದೆಂದರೆ ಕೊಟ್ಟ ವೀಳ್ಯ ಒಲ್ಲೆ ಅಂದಂತೆ. ಮನೆಯ ಯಜಮಾನನ ಮುಖಕ್ಕೆ ಹೊಡೆದ ಹಾಗೆ. ನಾವೆಲ್ಲ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದೆವು. ಆಪಾ ಮಾತ್ರ ಎಲೆ ತೆಗೆದುಕೊಂಡು, ಅಡಿಕೆ ತೆಗೆದುಕೊಂಡು, ಕಾರ್ಡನ್ನು ತಾಟಿನಲ್ಲೇ ಬಿಡುತ್ತಿದ್ದರು. "ನಕ್ಕೋ."

"ಯಾಕ್ರಿ ಆಪಾ, ಎರಡು ಕಾರ್ಡ್ ಹಾಕೋ ಜಾಗ ಇರ್ತದಲ್ಲ, ಒಂದ್ರಾಗ ಅವರದು ಹಾಕ್ರಿ," ಅಂತ ನಾನು ಗೋಗರೆದಿದ್ದಿದೆ.

"ಎರಡೂ ಒಟ್ಟಿಗೆ ತುಂಬು ಅಂದ್ರ, ಎರಡರಾಗ ಮೈಗಳ್ಳ ಯಾವ್ದೋ ಅದರ ಮಾತ ಕ್ಯಾಮೆರಾ ಕೇಳ್ತದ. ಅದು ನಿಂತ್ರ ನಂದೂ ನಿಂತಂಗ." ಆಮೇಲೆ ಸೇರಿಸಿದರು: "ಮತ್ತ, ಕಾರ್ಡ್ ಕೊಟ್ಟವರು ಎಲ್ಲಿ ನೋಡಬೇಕು ಅಂತಾನೂ ಹೇಳಾಕ ಶುರು ಮಾಡ್ತಾರ. ನನ್ನ ಕಣ್ಣು ನಂದು."

ಇದರಿಂದ ನಮಗೆ ಎಷ್ಟು ಬಳಗದ ಲಗ್ನಗಳು ತಪ್ಪಿದವೆಂದು ನಾನು ಆಗಾಗ ಕೂತು ಕೊರಗುತ್ತಿದ್ದೆ. ಭೂಸನೂರ ಕಡೆಯ ಕಬ್ಬಿನ ಮನೆತನದವರು ಒಬ್ಬರು ಬಿಟ್ಟರು. ಜೇವರ್ಗಿ ಕಡೆಯ ಒಂದು ದೊಡ್ಡ ಬಳಗ ಪೂರ್ತಿ ಬಿಟ್ಟಿತು. ಆಪಾಗೆ ಹೇಳಿದರೆ, "ಲಗ್ನ ಅವರದು, ಬಿಟ್ಟವರು ಅವರು, ಅಳಾಕತ್ತವ ನೀ. ಯಾಕ?" ಅಂದರು.

ಆ ಜೇವರ್ಗಿ ಕಡೆಯ ಲಗ್ನವನ್ನು ಹೇಳದಿದ್ದರೆ ನಾನು ಇದನ್ನು ಬರೆಯಲು ಕೂತಿದ್ದೇ ವ್ಯರ್ಥ. ಸಭೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಗೊತ್ತಿದ್ದವರೂ ಎತ್ತಲಿಲ್ಲ.

ಮದುಮಗಳಿಗೆ ಸಣ್ಣಂದಿನಲ್ಲೇ ತಂದೆ ತೀರಿಕೊಂಡಿದ್ದರು. ಬೆಳೆಸಿದ್ದು ದೊಡ್ಡಪ್ಪ, ಊರವರು ಅವರನ್ನು ಸಾಹುಕಾರ್ರು ಅನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ತಮ್ಮನ ಮಗಳ ಲಗ್ನಕ್ಕೆ ಸ್ವಂತ ಮಗಳದ್ದಕ್ಕಿಂತ ಹೆಚ್ಚು ಓಡಾಡಿದರು, ಅರಿಷಿಣ ಹಚ್ಚುವಾಗ ಕಂಬದ ಮರೆಗೆ ನಿಂತು ಕಣ್ಣೊರೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅವರ ಮನೆಯಲ್ಲಿ ಒಂದು ಕಟ್ಟಳೆ. ಗಂಡ ಇಲ್ಲದ ಹೆಣ್ಣುಮಗಳು ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿನಲ್ಲಿ ಹಂದರದೊಳಗೆ ಬರುವಂತಿಲ್ಲ. ಮದುಮಗಳ ತಾಯಿಯಾದರೂ ಅಷ್ಟೇ.

ಅರಿಷಿಣದ ದಿನ ಆ ಹುಡುಗಿ ಆಪಾರನ್ನು ಪಕ್ಕಕ್ಕೆ ಕರೆದಳು. ಕೈತುಂಬ ಮೆಹಂದಿ, ಹಾಗಾಗಿ ಮೊಣಕೈಯಿಂದಲೇ ತಿವಿದು ಕರೆದಳು.

"ಆಪಾ, ನಾಳಿ ಅಕ್ಕಿಕಾಳು ಬೀಳೋ ಹೊತ್ತಿಗೆ ಅವ್ವನ್ನ ಹೊರಗ ಬಿಡಂಗಿಲ್ಲಂತ. ದೊಡ್ಡಪ್ಪಗ ಹೇಳಿ ಹೇಳಿ ಸಾಕಾತು. ನನ್ನ ಅಕ್ಕಿಕಾಳಿನ ವಿಡಿಯೋದಾಗ ನನ್ನ ಅವ್ವ ಇರಬೇಕ್ರಿ. ಹೆಂಗರ ಮಾಡ್ರಿ."

"ಇರ್ತಾಳ," ಅಂದರು ಆಪಾ.

ನಾನು ಪಕ್ಕದಲ್ಲೇ ಲೈಟಿನ ವೈರು ಸುತ್ತುತ್ತಿದ್ದೆ. ಹುಡುಗಿ ಹೋದ ಮೇಲೆ "ಹೆಂಗ್ರಿ ಆಪಾ?" ಅಂದೆ.

"ಹೆಂಗ ಅಂತ ನನಗೂ ಗೊತ್ತಿಲ್ಲ. ಇರ್ತಾಳ ಅಂದೇನಿ. ಅದಕ್ಕ ಇರ್ತಾಳ."

ಮರುದಿನ ತಾಟು ಬಂತು. ಸಾಹುಕಾರರ ಅಳಿಯ ಎಲ್ಲಿಂದಲೋ ತರಿಸಿದ ಕಾರ್ಡು, ಪೊಟ್ಟಣದ ಮೇಲೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಅಂಕಿ. ಕುಂಕುಮ ಭಕ್ತಿಯಿಂದಲೇ ಬಿದ್ದಿತ್ತು. ಆಪಾ ಎಲೆ ತೆಗೆದುಕೊಂಡು ಕಾರ್ಡ್ ಬಿಟ್ಟರು. ಸಾಹುಕಾರರ ಮುಖ ಬಿಗಿಯಿತು. ನನ್ನ ಕಡೆ ತಿರುಗಿ, ತಾವೇ ಕಾರ್ಡ್ ಎತ್ತಿ, ನನ್ನ ಕ್ಯಾಮೆರಾದ ಬಾಗಿಲು ತೆಗೆಯಲು ಹೇಳಿ, ನನ್ನದನ್ನು ತೆಗೆಸಿ, ತಮ್ಮದನ್ನು ಸ್ವಂತ ಕೈಯಿಂದ ಒಳಗೆ ತಳ್ಳಿದರು. "ಸ್ಟೇಜಿನ್ಯಾಗಿಂದು ಇದರಾಗ ಬರ್ಲಿ," ಅಂದರು. ಅವರು ಅತ್ತ ಹೋದ ಮೇಲೆ ನಾನು ಅದನ್ನು ಹೊರತೆಗೆದು ಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕಿದೆ. ಮೂಲೆಯಲ್ಲಿ ವಿ ಅಕ್ಷರ ಹುಡುಕಿದೆ. ಇರಲಿಲ್ಲ. ದೇವರನ್ನು ನೆನೆದೆ.

ಹಳೆಯ ಮನೆ, ಮುಂದೆ ಹಂದರ. ಒಳಮನೆಯ ಬಾಗಿಲು ನೆಟ್ಟಗೆ ಸ್ಟೇಜಿನ ಕಡೆ ಮುಖ ಮಾಡಿತ್ತು. ಮಂಗಳಾಷ್ಟಕ ಶುರುವಾಯಿತು. ನನಗೆ ಸ್ಟೇಜಿನ ಮೇಲಿಂದ ಕಾಣುತ್ತಿದ್ದದ್ದು ಅರ್ಧ ತೆರೆದ ಬಾಗಿಲು, ಅದರ ಹಿಂದಿನ ಕತ್ತಲೆ. ಆಪಾ ಎಲ್ಲೂ ಇಲ್ಲ. ಕಾಳು ಬೀಳುವ ಹೊತ್ತು ಬಂತು, ಜನ ಕೈ ಎತ್ತಿದರು, ಬಾಜಾ ಒಮ್ಮೆಲೇ ಏರಿತು. ಸರಿಯಾಗಿ ಆಗ ನನ್ನ ಕ್ಯಾಮೆರಾದ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಕಾರ್ಡಿನ ವೇಗ ಸಾಲದು, ಚಿತ್ರೀಕರಣ ನಿಲ್ಲಿಸಲಾಗಿದೆ. ಮತ್ತೆ ಒತ್ತಿದೆ. ಮತ್ತೆ ನಿಂತಿತು. ಮೂರನೇ ಸಲ ಶುರುವಾಗುವ ಹೊತ್ತಿಗೆ ಎಲ್ಲರೂ ಊಟಕ್ಕೆ ಪಂಕ್ತಿ ಹಿಡಿಯಲು ಓಡುತ್ತಿದ್ದರು, ಮದುಮಗಳು ತಲೆಯಿಂದ ಅಕ್ಕಿ ಕೊಡವಿಕೊಳ್ಳುತ್ತಿದ್ದಳು.

ಮೊಬೈಲಿನಲ್ಲಿ ಹಿಡಿದವರು ಬೇಕಾದಷ್ಟು ಇದ್ದರು. ಎಲ್ಲರದರಲ್ಲೂ ಮುಂದಿನವನ ಬೋಡು ತಲೆ, ಎತ್ತಿದ ಕೈ, "ಏ ಸರಿಯೋ ಲೇ" ಅನ್ನುವ ಕೂಗು.

ನಾನು ಬೆವರುತ್ತ ಆಪಾರನ್ನು ಹುಡುಕಿಕೊಂಡು ಹೋದೆ. ಒಳಮನೆಯಲ್ಲಿ ಕೂತು ಟ್ಯಾಬಿಗೆ ವಿಡಿಯೋ ತುಂಬಿಸುತ್ತಿದ್ದರು. "ನಿಂತಿತೇನು?" ಅಂದರು ತಲೆ ಎತ್ತದೆ. "ಚಿಂತಿ ಬ್ಯಾಡ. ನನ್ನ ಹತ್ರ ಅದ."

ಅಷ್ಟರಲ್ಲಿ ಸಾಹುಕಾರರಿಗೆ ಸುದ್ದಿ ಮುಟ್ಟಿತ್ತು. ಬಂದೇ ಬಿಟ್ಟರು. ಆಪಾ ಟ್ಯಾಬನ್ನು ಅವರ ಕಡೆ ತಿರುಗಿಸಿದರು.

ನಾನು ಎಷ್ಟೋ ಲಗ್ನ ಹಿಡಿದಿದ್ದೇನೆ, ಅಂಥ ಅಕ್ಕಿಕಾಳು ನನ್ನಿಂದ ಆಗಿಲ್ಲ. ಒಳಮನೆಯೊಳಗಿಂದ ಹಿಡಿದದ್ದು: ಕತ್ತಲೆಯ ಬಾಗಿಲು ಚೌಕಟ್ಟು, ಅದರಾಚೆ ಬೆಳಗುವ ಹಂದರ, ನಡುವೆ ಸರಿಯಾಗಿ ಮದುಮಕ್ಕಳು. ಎಲ್ಲ ಕಡೆಯಿಂದ ಅಕ್ಕಿ ನಿಧಾನವಾಗಿ, ಕಾಳು ಕಾಳಾಗಿ ತೇಲಿ ಬರುತ್ತದೆ. ಮುಂದೆ, ಅತಿ ಹತ್ತಿರ, ಒಂದು ಸೆರಗು, ಒಂದು ಕಿವಿ, ಎತ್ತಿದ ಒಂದು ಕೈ. ಆ ಕೈ ತೆರೆಯುತ್ತದೆ. ಅದರಿಂದ ಹೊರಟ ಕಾಳು ಇಡೀ ಹಂದರ ದಾಟಿ ಹೋದಂತೆ ಕಾಣುತ್ತದೆ.

"ವಾಹ್," ಅಂದರು ಸಾಹುಕಾರರು. ಮನಸಾರೆ ಅಂದರು. ಆಮೇಲೆ ಬಗ್ಗಿ ನೋಡಿದರು. "ಈ ಕೈ ಯಾರದು?"

"ಹುಡುಗಿ ತಾಯಿದು."

"ಅದನ್ನ ಕತ್ತರಿಸ್ರಿ."

"ಬರಂಗಿಲ್ರಿ. ಕೈ ಒಳಗ ಲಗ್ನ ಅದ, ಲಗ್ನದ ಒಳಗ ಕೈ ಅದ. ಬಿಡಸಾಕ ಆಗಂಗಿಲ್ಲ."

"ಹಂಗಾದ್ರ ಪೂರಾ ಅಳಸ್ರಿ. ಅಕ್ಕಿಕಾಳಿನ ವಿಡಿಯೋ ಇಲ್ಲದಿದ್ರೂ ನಡೀತದ." ಅವರ ಧ್ವನಿ ಸಣ್ಣಗಾಯಿತು. "ಆಪಾ, ತಿಳಕೋರಿ. ನಾಳಿ ಬೀಗರ ಮನ್ಯಾಗ ಇದನ್ನ ಹಚ್ತಾರ. ಏನರ ಸಣ್ಣ ತ್ರಾಸ ಆತು ಅಂದ್ರ ಈ ಕೈ ಕಡೆ ಬೆರಳ ತೋರಸ್ತಾರ. ಅನಸ್ಕೋಳಾಕಿ ನಮ್ಮ ಹುಡುಗಿ."

"ನಕ್ಕೋ," ಅಂದರು ಆಪಾ.

ಹೊರಗೆ ಮದುಮಗಳು ಗಂಡನ ಪಕ್ಕ ಊಟಕ್ಕೆ ಕೂತಿದ್ದಳು. ಅವಳ ಸೆರಗಿಗೂ ಅವನ ಶಲ್ಯಕ್ಕೂ ಗಂಟು ಬಿದ್ದಿತ್ತು, ಏಳಲಾರಳು. ಕತ್ತು ಮಾತ್ರ ನಮ್ಮ ಕಡೆ ಹೊರಳಿತ್ತು, ಕೈಯಲ್ಲಿ ಹಿಡಿದ ತುತ್ತು ಹಾಗೇ ಇತ್ತು.

"ನನ್ನ ಮನಿ ಲಗ್ನ ಇದು," ಸಾಹುಕಾರರು ಈಗ ಜೋರಾದರು. "ನನ್ನ ಕಾರ್ಡ್ ಬ್ಯಾಡ ಅಂದ್ರಿ, ಸುಮ್ಮನಾದೆ. ಈಗ ನನ್ನ ಮಾತೂ ಬ್ಯಾಡೇನು?"

"ಸಾಹುಕಾರ್ರ, ಕಾರ್ಡ್ ನಿಮ್ದಲ್ಲ, ಕೈನೂ ನಿಮ್ದಲ್ಲ. ಕೈ ಯಾರದೋ ಆಕಿ ಅಳಸು ಅಂದ್ರ ಈಗ ನಿಮ್ಮ ಕಣ್ಮುಂದ ಅಳಸ್ತೇನಿ."

"ಆಕೀನ್ನ ಏನು ಕೇಳ್ತೀರಿ? ನಾ ಹೇಳಿದ್ದಕ್ಕ ಹೂಂ ಅಂತಾಳ."

"ಅನ್ನಲಿ. ಆದ್ರ ನಾ ಆಕಿ ಬಾಯಿಂದ ಕೇಳ್ಬೇಕು."

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಯಾವಾಗಲೂ ಯಜಮಾನರ ಕಡೆ ಇರುವವನು ಎಂದು ಅವರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತಲ್ಲ. "ಕೇಳೋಣ್ರಿ... ಕೇಳೋದ್ರಾಗ ಏನದ್ರಿ," ಅಂದೆ. ಧ್ವನಿ ಸೀಳಿ ಇಲಿಮರಿಯಂತೆ ಹೊರಬಂತು. ನನ್ನ ಜೀವಮಾನದ ಶೌರ್ಯ ಅಷ್ಟು.

ತಾಯಿ ಅಡಿಗೆ ಮನೆಯಲ್ಲಿ ಚಪಾತಿ ಮುರಿದು ಬೆಲ್ಲ ಕಲಸಿದ ಮಾಲ್ದಿ ಬಡಿಸಲು ಬುಟ್ಟಿ ತುಂಬುತ್ತಿದ್ದರು. ಕೈಗೆಲ್ಲ ಬೆಲ್ಲ. ಆಪಾ ಅವರನ್ನು ಮಣೆಯ ಮೇಲೆ ಕೂರಿಸಿ, ಟ್ಯಾಬನ್ನು ತೊಡೆಯ ಮೇಲಿಟ್ಟು, "ತಂಗಿ, ಇದನ್ನ ನೋಡು. ನೋಡಿ ಹೇಳು, ಇರಲೋ ಬ್ಯಾಡೋ. ನೀ ಅಂದಂಗ" ಎಂದು ಹಚ್ಚಿದರು. ರೊಟ್ಟಿ ಜೋಡಿಸುತ್ತಿದ್ದ ಹೆಂಗಸರೆಲ್ಲ ಸುತ್ತ ಬಂದು ಬಗ್ಗಿದರು. ಹಸಿರು ಬಳೆಗಳ ಸಪ್ಪಳ ನಿಂತಿತು.

ಸಾಹುಕಾರರು ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಹೆಂಗಸರು, ಹಾಗಾಗಿ ಹೊಸ್ತಿಲು ದಾಟಲಿಲ್ಲ. "ಹೇಳವ್ವಾ," ಅಂದರು ಮೆತ್ತಗೆ. "ಅಳಸ್ರಿ ಅಂತ ಹೇಳು. ಹುಡುಗಿ ಒಳ್ಳೇದಕ್ಕ."

ತಾಯಿ ಪರದೆ ನೋಡುತ್ತಿದ್ದರು. ಪರದೆಯಲ್ಲಿ ಕೈ ತೆರೆಯಿತು. ಅವರು ತಮ್ಮ ಬೆಲ್ಲದ ಕೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ವಿಡಿಯೋ ಮುಗಿಯಿತು. ನಾನು ಸಾಹುಕಾರರ ಬೆನ್ನ ಹಿಂದೆ ನಿಂತು, ಹೂಂ ಅಂದುಬಿಡುತ್ತಾರೆ, ಹೂಂ ಅಂದೇ ಬಿಡುತ್ತಾರೆ ಎಂದುಕೊಳ್ಳುತ್ತಿದ್ದೆ. ಆಪಾ ಅಳಿಸುವ ಗುರುತಿನ ಹತ್ತಿರವೇ ಬೆರಳು ಇಟ್ಟುಕೊಂಡಿದ್ದರು. ಮಾತು ಕೊಟ್ಟಿದ್ದರಲ್ಲ.

ಭಾವನ ಎದುರು ಎಂದೂ ಬಾಯಿ ತೆರೆಯದ ಆ ಹೆಣ್ಣುಮಗಳು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ನೆಲ ನೋಡಿಕೊಂಡೇ ಹೇಳಿದರು.

"ಭಾವಾರ, ಬಾಗಲ ಹಿಂದ ನಿಂದ್ರು ಅಂದ್ರಿ. ನಿಂತೆ. ಹೊಸ್ತಲ ದಾಟಿಲ್ಲ. ನೀವು ನಿಂದ್ರು ಅಂದಲ್ಲಿ ನಿಂತಿದ್ದು ಕಂಡ್ರ, ಅದರಾಗ ನಂದೇನು ತಪ್ಪದ? ಇರಲಿ ಅದು."

"ಬೀಗರು ಕೇಳಿದ್ರ?"

"ನನ್ನ ಕೈ ಅಂತ ನಾನ ಹೇಳ್ತೇನಿ."

ಆಪಾ ಬೆರಳನ್ನು ಪರದೆಯಿಂದ ತೆಗೆದರು.

"ಆಪಾ," ಅಂದರು ತಾಯಿ, "ಇನ್ನೊಮ್ಮೆ ಹಚ್ರಿ."

ಆಪಾ ಹಚ್ಚಿದರು. ಹೆಂಗಸರು ಇನ್ನಷ್ಟು ಒತ್ತರಿಸಿ ಕೂತರು. ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು, ಅವರ ನೆರಳು ಟ್ಯಾಬಿನ ಮೇಲೆ ಬಿದ್ದಿತ್ತು. ಆಪಾ ಹಿಂದೆ ತಿರುಗಲೂ ಇಲ್ಲ.

"ಸಾಹುಕಾರ್ರ, ನಿಮ್ಮ ನೆಳ್ಳು ಬೀಳಾಕತ್ತದ, ಆಕಿಗೆ ಕಾಣವಲ್ದು. ಒಳಗ ಬಂದು ಎಲ್ಲಾರ ಜೋಡಿ ನೋಡ್ರಿ. ಇಲ್ಲಂದ್ರ ಸ್ವಲ್ಪ ಆಚಿ ಸರೀರಿ."

ಸಾಹುಕಾರರು ಒಳಗೆ ಬರಲಿಲ್ಲ. ಆದರೆ ಸರಿದರು. ಬಾಗಿಲ ಬದಿಗೆ, ಗೋಡೆಗೆ ಬೆನ್ನು ಹಚ್ಚಿ, ಆಕೆ ನೋಡಿ ಮುಗಿಸುವ ತನಕ ಅಲ್ಲೇ ನಿಂತರು.